ರದ್ದಿ ತಕ್ಕಡಿಯಿಂದ ಇಳಿಸಿಕೊಂಡ ಹದಿನೇಳು ಪುಸ್ತಕಗಳ ಕುರಿತು ಒಂದು ಬಹಿರಂಗ ಪತ್ರ

ಗೆ,
ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಸಾರ್ವಜನಿಕ ಗ್ರಂಥಾಲಯಗಳಿಗೂ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಿಗೂ ಪುಸ್ತಕ ಆರಿಸುವ ಅಧಿಕಾರಿಗಳಿಗೆ ಮತ್ತು ಸಮಿತಿಗಳ ಸದಸ್ಯರಿಗೆ

ವಿಷಯ: ಹಳೆಯ ಕಾದಂಬರಿಗಳಿಗೂ ಹಳೆಯ ವಿಜ್ಞಾನ ಕಥೆಗಳಿಗೂ ಪ್ರತಿ ಗ್ರಂಥಾಲಯದಲ್ಲಿ ಒಂದು ಕಪಾಟು ಮೀಸಲಿಡುವಂತೆ ಕೋರಿ.

ಮಾನ್ಯರೆ,

ಸುರಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ 31 ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಕಳೆದ ಬೇಸಿಗೆಯ ಒಂದು ಬೆಳಿಗ್ಗೆ, ಮನೆಯಲ್ಲಿ ಕೂಡಿಬಿದ್ದಿದ್ದ ಪತ್ರಿಕೆಗಳನ್ನು ಕೊಡಲೆಂದು ರದ್ದಿ ಅಂಗಡಿಗೆ ಹೋದಾಗ, ನನಗಿಂತ ಮೊದಲೇ ಬಂದ ಗೋಣಿಚೀಲವೊಂದು ತಕ್ಕಡಿಯ ಮೇಲೆ ಕುಳಿತಿತ್ತು. ಚೀಲದ ಬಾಯಿಂದ ಇಣುಕುತ್ತಿದ್ದ ಪುಸ್ತಕದ ಬೆನ್ನಿಗೆ ಗ್ರಂಥಾಲಯದ ಸಂಖ್ಯೆಯ ಚೀಟಿ ಅಂಟಿತ್ತು. ಎಳೆದು ನೋಡಿದರೆ ಶಿವರಾಮ ಕಾರಂತರ ‘ಚೋಮನ ದುಡಿ’. ಹಿಂದಿನ ರಟ್ಟಿನ ಒಳಗೆ ತಾರೀಕಿನ ಚೀಟಿ ಹಾಗೆಯೇ ಉಳಿದಿತ್ತು. ನೇರಳೆ ಮಸಿಯ ಮುದ್ರೆಗಳು ಒಂದರ ಕೆಳಗೊಂದು ಇಳಿದು ಬಂದು 2011ರ ಆಗಸ್ಟ್‌ಗೆ ನಿಂತಿದ್ದವು. ಬೇಸಾಯಕ್ಕೆ ತುಂಡು ನೆಲ ಕೇಳಲು ಚೋಮ ಒಡೆಯರ ಅಂಗಳಕ್ಕೆ ಹೋಗುವ ಪುಟದ ಅಂಚಿನಲ್ಲಿ, ಯಾರೋ ಓದುಗ ಪೆನ್ಸಿಲ್ಲಿನಲ್ಲಿ, ಅಕ್ಷರ ಸ್ವಲ್ಪ ಓರೆಯಾಗಿ, ಹೀಗೆ ಬರೆದಿದ್ದ: ‘ನಮ್ಮ ಮುತ್ಯಾಂದೂ ಇದೇ ಕತಿ.’

ಚೀಲದಲ್ಲಿ ಒಟ್ಟು ಹದಿನೇಳು ಪುಸ್ತಕಗಳಿದ್ದವು. ತೂಕ ನಾಲ್ಕೂವರೆ ಕಿಲೋ. ಕಿಲೋಗೆ 14 ರೂಪಾಯಿಯಂತೆ 63 ರೂಪಾಯಿ ಕೊಟ್ಟು ಎಲ್ಲವನ್ನೂ ಮನೆಗೆ ತಂದೆ. ಅವು ಹೊರಟು ಬಂದ ಗ್ರಂಥಾಲಯವನ್ನು ಮುದ್ರೆ ನೋಡಿ ಹುಡುಕಿಕೊಂಡು ಹೋಗಿ ವಿಚಾರಿಸಿದಾಗ, ಅಲ್ಲಿದ್ದ ಹುಡುಗ ಸಂಕೋಚದಿಂದಲೇ ಹೇಳಿದ: ‘ಹಳಿ ಬುಕ್ ಅವ್ರಿ ಸರ, ಈಗ ಯಾರ್ ಓದ್ತಾರ್ರಿ. ಕಾಂಪಿಟೇಟಿವ್ ಬುಕ್ ಇಡಾಕ ಜಾಗ ಬೇಕಾಗಿತ್ತು.’ ಆ ಗ್ರಂಥಾಲಯದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹುಡುಗನ ಮೇಲೆ ನನಗೆ ದೂರೂ ಇಲ್ಲ. ಮೇಲಿನಿಂದ ಬಂದ ಪುಸ್ತಕಗಳನ್ನು ಇಟ್ಟುಕೊಳ್ಳುವುದು, ಜಾಗ ಸಾಲದಿದ್ದರೆ ಹಳೆಯದನ್ನು ಹೊರಹಾಕುವುದು, ಇಷ್ಟೇ ಅವನಿಗೆ ಗೊತ್ತಿರುವ ಪದ್ಧತಿ. ಏನು ಬರಬೇಕು, ಏನು ಉಳಿಯಬೇಕು ಎಂದು ತೀರ್ಮಾನಿಸುವವರು ನೀವಾದ್ದರಿಂದ ಪತ್ರ ನಿಮಗೆ.

ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಮೇಲೆ ನನಗೆ ಮುನಿಸಿದೆಯೆಂದು ದಯವಿಟ್ಟು ತಿಳಿಯಬೇಡಿ. ನನ್ನ ಶಿಷ್ಯರಲ್ಲೇ ಎಷ್ಟೋ ಮಂದಿ ಗ್ರಂಥಾಲಯದ ಫ್ಯಾನಿನ ಕೆಳಗೆ ಕುಳಿತು ಅವುಗಳನ್ನು ಓದಿ ಪೊಲೀಸರಾಗಿದ್ದಾರೆ, ಪಿಡಿಒ ಆಗಿದ್ದಾರೆ. ಸಂವಿಧಾನದ 371ಜೆ ವಿಧಿ ನಮ್ಮ ಭಾಗಕ್ಕೆ ಕೊಟ್ಟ ಮೀಸಲಾತಿ ಕೈಗೆ ಸಿಗಬೇಕಾದರೆ ಆ ಓದು ಬೇಕೇ ಬೇಕು. ನನ್ನ ತಕರಾರು ಇರುವುದು ಒಂದಕ್ಕಾಗಿ ಇನ್ನೊಂದು ಜಾಗ ಬಿಡಬೇಕೆಂಬ ಲೆಕ್ಕಾಚಾರದ ಬಗ್ಗೆ. ಹಳೆಯ ಪುಸ್ತಕವೊಂದು ಒಮ್ಮೆ ಹೊರಗೆ ಹೋದರೆ ಮತ್ತೆ ಒಳಗೆ ಬರುವ ದಾರಿ ನಮ್ಮ ವ್ಯವಸ್ಥೆಯಲ್ಲಿ ಬಹಳ ಕಿರಿದು ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಗ್ರಂಥಾಲಯಗಳಿಗೆಂದು ಸರ್ಕಾರ ಪುಸ್ತಕ ಕೊಳ್ಳುವ ಏಕಗವಾಕ್ಷಿ ಯೋಜನೆಯಲ್ಲಿ ಆಯ್ಕೆಯಾಗುವುದು ಆಯಾ ವರ್ಷ ಮೊದಲ ಮುದ್ರಣ ಕಂಡ ಪುಸ್ತಕಗಳು. ಹೊಸ ಲೇಖಕರಿಗೂ ಸಣ್ಣ ಪ್ರಕಾಶಕರಿಗೂ ಅದು ಆಸರೆಯಾಗಿರುವುದು ನಿಜ, ಅದನ್ನು ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ 1933ರ ಕಾದಂಬರಿಯ ಮರುಮುದ್ರಣ ಆ ಕಿಟಕಿಯಿಂದ ಒಳಗೆ ಬರಲಾರದು. ಹೀಗಾಗಿ ನಮ್ಮ ಕಪಾಟುಗಳಿಗೆ ಪ್ರತಿ ವರ್ಷವೂ ಹೊಸ ಪುಸ್ತಕ ಬರುತ್ತದೆ, ಪ್ರತಿ ವರ್ಷವೂ ಹಳೆಯದು ಸವೆಯುತ್ತದೆ, ಸವೆದ ಜಾಗಕ್ಕೆ ಅದೇ ಪುಸ್ತಕದ ಇನ್ನೊಂದು ಪ್ರತಿ ಬರುವುದಿಲ್ಲ.

ಹಳೆಯ ಕಾದಂಬರಿಯ ಬಗ್ಗೆ ಹೇಳಿದರೆ ಕೆಲವರಾದರೂ ತಲೆದೂಗುತ್ತಾರೆ. ಹಳೆಯ ವಿಜ್ಞಾನ ಕಥೆ ಎಂದರೆ ವಿದ್ಯಾವಂತರೂ ನಗುತ್ತಾರೆ. ಆ ವಿಜ್ಞಾನವೇ ತಪ್ಪೆಂದು ಸಾಬೀತಾದ ಮೇಲೆ ಕಥೆ ಓದಿ ಏನು ಪ್ರಯೋಜನ ಎಂದು ಸಹೋದ್ಯೋಗಿಯೊಬ್ಬರು ನನ್ನನ್ನು ಕೇಳಿದ್ದುಂಟು. ಅವರಿಗೆ ನಾನು ಕೊಟ್ಟ ಉತ್ತರ ಹತ್ತನೆಯ ತರಗತಿಯ ಕರಿಹಲಗೆಯ ಮೇಲಿನ ಒಂದು ಲೆಕ್ಕ. ಫ್ರಾನ್ಸಿನ ಜೂಲ್ಸ್ ವರ್ನ್ 1865ರಲ್ಲಿ ಚಂದ್ರಯಾನದ ಕಾದಂಬರಿ ಬರೆದಾಗ, ರಾಕೆಟ್ಟಿನ ಬದಲು ನೆಲದಲ್ಲಿ ಹುಗಿದ 900 ಅಡಿ ಉದ್ದದ ಫಿರಂಗಿಯನ್ನು ಕಲ್ಪಿಸಿಕೊಂಡ. ಅದರ ಗುಂಡು ಸೆಕೆಂಡಿಗೆ 12,000 ಗಜ, ಅಂದರೆ ಸುಮಾರು 11 ಕಿಲೋಮೀಟರ್ ವೇಗದಲ್ಲಿ ಹೊರಬೀಳಬೇಕು. ಭೂಮಿಯ ಸೆಳೆತ ಮೀರಲು ಬೇಕಾದ ವೇಗ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಅವನ ಗಣಿತ ಅಲ್ಲಿಯವರೆಗೆ ಸರಿಯಾಗಿದೆ. ಮುಂದಿನದನ್ನು ನನ್ನ ಮಕ್ಕಳೇ ಮಾಡಿದರು: ನಿಂತಲ್ಲಿಂದ ಹೊರಟು 900 ಅಡಿಯೊಳಗೆ ಅಷ್ಟು ವೇಗ ಪಡೆಯಬೇಕಾದರೆ ವೇಗೋತ್ಕರ್ಷ ಎಷ್ಟಾಗಬೇಕು? ಗುರುತ್ವದ ಇಪ್ಪತ್ತು ಸಾವಿರ ಪಟ್ಟಿಗೂ ಹೆಚ್ಚು. ಅರವತ್ತು ಕಿಲೋ ತೂಗುವ ಮನುಷ್ಯ ಆ ಗುಂಡಿನೊಳಗೆ ಆ ಕ್ಷಣಕ್ಕೆ ಸಾವಿರ ಟನ್ನಿಗೂ ಹೆಚ್ಚು ತೂಗುತ್ತಾನೆ. ‘ಸರ, ಹಂಗಾರ ಮಂದಿ ಚಟ್ನಿ ಆಗ್ತಾರಲ್ರಿ’ ಎಂದು ಹಿಂದಿನ ಬೆಂಚಿನಿಂದ ಒಂದು ದನಿ ಬಂತು. ಚಲನೆಯ ಸಮೀಕರಣಗಳನ್ನು ಅದಕ್ಕಿಂತ ಚೆನ್ನಾಗಿ ಕಲಿಸಿದ ದಿನ ನನ್ನ ವೃತ್ತಿಯಲ್ಲಿ ಇನ್ನೊಂದಿಲ್ಲ. ಅದೇ ವರ್ನ್, ತನ್ನ ಮೂವರು ಪ್ರಯಾಣಿಕರನ್ನು ಅಮೆರಿಕದ ಫ್ಲಾರಿಡಾದಿಂದ ಹೊರಡಿಸಿ, 1870ರಲ್ಲಿ ಬಂದ ಮುಂದುವರಿದ ಕಾದಂಬರಿಯಲ್ಲಿ ಶಾಂತಸಾಗರದ ನೀರಿಗೆ ಇಳಿಸಿದ್ದಾನೆ. 1969ರಲ್ಲಿ ಅಪೊಲೊ 11ರ ಮೂವರೂ ಫ್ಲಾರಿಡಾದಿಂದಲೇ ಹೋಗಿ ಶಾಂತಸಾಗರದಲ್ಲೇ ಇಳಿದರು. ಒಬ್ಬನೇ ಲೇಖಕ ಎಲ್ಲಿ ಎಡವಿದ, ಎಲ್ಲಿ ಗುರಿ ಮುಟ್ಟಿದ ಎಂದು ಪೆನ್ಸಿಲ್ ಹಿಡಿದು ಹುಡುಕುವ ಸುಖ ಹೊಸ ವಿಜ್ಞಾನ ಕಥೆಯಲ್ಲಿ ಸಿಗುವುದಿಲ್ಲ, ಏಕೆಂದರೆ ಅದರ ಉತ್ತರಪತ್ರಿಕೆ ಇನ್ನೂ ಬಂದಿಲ್ಲ.

ಆ ಹದಿನೇಳರಲ್ಲಿ ರಟ್ಟು ಕಿತ್ತುಹೋದ ಒಂದು ತೆಳು ಪುಸ್ತಕವಿತ್ತು: ವರ್ನ್‌ನ ‘ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದಿ ಸೀ’ ಕಾದಂಬರಿಯ ಮಕ್ಕಳ ಸಂಗ್ರಹರೂಪ. ಈ ಒಂದು ಪುಸ್ತಕದ ಬಗ್ಗೆ ಸ್ವಲ್ಪ ಹೆಚ್ಚು ಹೇಳಲು ಅನುಮತಿ ಬೇಡುತ್ತೇನೆ, ಏಕೆಂದರೆ ಸುರಪುರದಲ್ಲಿ ಇದು ರದ್ದಿಗೆ ಬಿದ್ದದ್ದು ನನ್ನನ್ನು ಉಳಿದ ಹದಿನಾರಕ್ಕಿಂತ ಹೆಚ್ಚು ನೋಯಿಸಿತು. 1870ರಲ್ಲಿ ಪುಸ್ತಕವಾಗಿ ಬಂದ ಆ ಕಾದಂಬರಿಯಲ್ಲಿ ಜಲಾಂತರ್ಗಾಮಿಯ ಒಡೆಯ ಕ್ಯಾಪ್ಟನ್ ನೀಮೊ ಯಾವ ದೇಶದವನೆಂಬುದು ಕೊನೆಯವರೆಗೂ ತಿಳಿಯುವುದಿಲ್ಲ. ವರ್ನ್ ಮೊದಲು ಅವನನ್ನು ರಷ್ಯನ್ನರ ದಬ್ಬಾಳಿಕೆಗೆ ಸಿಕ್ಕ ಪೋಲೆಂಡಿನವನನ್ನಾಗಿ ಮಾಡಬೇಕೆಂದಿದ್ದ; ರಷ್ಯಾದಲ್ಲೂ ಪುಸ್ತಕ ಮಾರಬೇಕಾಗಿದ್ದ ಪ್ರಕಾಶಕ ಒಪ್ಪಲಿಲ್ಲ. ಮಾರಾಟದ ಚಿಂತೆ ಆಗಲೂ ಇತ್ತೆಂಬುದನ್ನು ಗಮನಿಸಿ. ಸಿಂಹಳದ ಬಳಿಯ ಮುತ್ತಿನ ತಾಣದಲ್ಲಿ ಶಾರ್ಕಿನ ಬಾಯಿಗೆ ಬೀಳಲಿದ್ದ ಬಡ ಭಾರತೀಯ ಮುಳುಗುಗಾರನೊಬ್ಬನನ್ನು ನೀಮೊ ಉಳಿಸಿ, ಅವನ ಕೈಗೆ ಮುತ್ತಿನ ಚೀಲವನ್ನಿಟ್ಟು, ತುಳಿತಕ್ಕೊಳಗಾದ ನಾಡಿನವನಾದ ಅವನ ಕಡೆಗೇ ತಾನೂ ಸೇರಿದವನೆಂದು ಹೇಳುತ್ತಾನೆ. ಐದು ವರ್ಷಗಳ ನಂತರ, ‘ದಿ ಮಿಸ್ಟೀರಿಯಸ್ ಐಲೆಂಡ್’ ಕಾದಂಬರಿಯಲ್ಲಿ, ಸಾಯುವ ಹೊತ್ತಿನ ನೀಮೊ ಗುಟ್ಟು ಬಿಚ್ಚುತ್ತಾನೆ: ಅವನು ಬುಂದೇಲ್‌ಖಂಡದ ರಾಜಕುಮಾರ ಡಕ್ಕರ್, ನಮ್ಮ ಟಿಪ್ಪು ಸುಲ್ತಾನನ ಸೋದರಳಿಯ, 1857ರ ದಂಗೆಯಲ್ಲಿ ಇಂಗ್ಲಿಷರ ವಿರುದ್ಧ ಹೋರಾಡಿ ಸಂಸಾರವನ್ನೂ ರಾಜ್ಯವನ್ನೂ ಕಳೆದುಕೊಂಡು ಸಮುದ್ರಕ್ಕೆ ಇಳಿದವನು. ಶ್ರೀರಂಗಪಟ್ಟಣದಲ್ಲಿ 1799ರಲ್ಲೇ ತೀರಿದ ಟಿಪ್ಪುವಿಗೆ ಬುಂದೇಲ್‌ಖಂಡದಲ್ಲಿ ಸೋದರಳಿಯ ಎಲ್ಲಿಂದ ಬಂದ ಎಂದು ವರ್ನ್‌ನನ್ನೇ ಕೇಳಬೇಕು. ಆತ ಭಾರತಕ್ಕೆ ಕಾಲಿಟ್ಟವನಲ್ಲ.

ಈಗ ಸುರಪುರದ ಮಗುವೊಂದು ಇದನ್ನು ಓದುತ್ತಿದೆಯೆಂದು ಕಲ್ಪಿಸಿಕೊಳ್ಳಿ. 1858ರ ಫೆಬ್ರುವರಿಯಲ್ಲಿ ಇದೇ ಬೆಟ್ಟಗಳ ನಡುವೆ ಇಂಗ್ಲಿಷರ ಪಡೆಗಳು ಬಂದವು. ರಾಜಾ ವೆಂಕಟಪ್ಪ ನಾಯಕರು ಹೋರಾಡಿ, ಸಂಸ್ಥಾನ ಕಳೆದುಕೊಂಡು, ಹೈದರಾಬಾದಿನಲ್ಲಿ ಸೆರೆಸಿಕ್ಕಿ, ಶಿಕ್ಷೆಗೆಂದು ಕರೆದೊಯ್ಯುವ ದಾರಿಯಲ್ಲಿ ಗುಂಡಿಗೆ ಬಲಿಯಾದರು. ನಾನು ತರಗತಿಯಲ್ಲಿ ನೀಮೊನ ಕಥೆ ಹೇಳಿ ಮುಗಿಸಿದ ಮಧ್ಯಾಹ್ನ, ಒಬ್ಬ ಹುಡುಗ ಎದ್ದು ನಿಂತು, ‘ಸರ, ನಮ್ಮ ರಾಜಾಗೂ ಅಂಥಾ ಹಡಗ ಇದ್ದಿದ್ರ ಏನಾಗ್ತಿತ್ರಿ?’ ಎಂದು ಕೇಳಿದ. ಪಠ್ಯಪುಸ್ತಕದಲ್ಲಿ ವೆಂಕಟಪ್ಪ ನಾಯಕರ ಬಗ್ಗೆ ಓದಿದ ಮಕ್ಕಳು ಇಸವಿ ಕೇಳುತ್ತಾರೆ, ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳುತ್ತಾರೆ. ಹೀಗಾಗಿದ್ದರೆ ಏನಾಗುತ್ತಿತ್ತು ಎಂದು ಮೊದಲ ಸಲ ನನ್ನನ್ನು ಕೇಳಿಸಿದ್ದು ಸುರಪುರದ ಹೆಸರನ್ನೂ ಕೇಳಿರದ ಫ್ರೆಂಚನೊಬ್ಬನ ಕಾದಂಬರಿ.

ಹಾಗೆ ನೋಡಿದರೆ ಕಾದಂಬರಿಕಾರನೊಬ್ಬ ನಮ್ಮ ಊರಿನಲ್ಲೇ ಇದ್ದು ಹೋಗಿದ್ದಾನೆ. ನಿಜಾಮರ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್, ಎಳೆಯ ರಾಜ ಪ್ರಾಪ್ತವಯಸ್ಕನಾಗುವವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡವನು. ‘ಕನ್‌ಫೆಷನ್ಸ್ ಆಫ್ ಎ ಥಗ್’ (1839), ವಿಜಾಪುರದ ಆದಿಲಶಾಹಿ ಕಾಲದ ‘ತಾರಾ’ (1863), ಇವೆಲ್ಲ ಅವನವು. ಆಳುವವರ ಕಡೆಯಿಂದ ನೋಡಿದ ಕಣ್ಣು ಅದು, ಪ್ರಶ್ನೆ ಕೇಳುತ್ತಲೇ ಓದಬೇಕಾದ ಬರಹ. ಆದರೆ ಬೆಟ್ಟದ ಮೇಲಿನ ಟೇಲರ್ ಮಂಜಿಲ್ ನೋಡಲು ಶಾಲಾ ಪ್ರವಾಸದ ಬಸ್ಸುಗಳು ಬರುತ್ತವೆ. ಆ ಮನೆಯಲ್ಲಿದ್ದವನು ಕಾದಂಬರಿ ಬರೆದನೆಂಬುದು ಆ ಬಸ್ಸಿನಲ್ಲಿ ಬಂದ ಯಾವ ಮಗುವಿಗೂ ಗೊತ್ತಿರುವುದನ್ನು ನಾನು ಕಂಡಿಲ್ಲ.

ವಿಜ್ಞಾನ ಕಥೆ ದೂರದೇಶದ ಚಪಲ, ನಮ್ಮ ಭಾಗದ ಬದುಕಿಗೆ ಅದರ ನಂಟಿಲ್ಲ ಎಂಬ ಮಾತನ್ನೂ ಕೇಳಿದ್ದೇನೆ. ಇಂದು ಎಲ್ಲರ ಬಾಯಲ್ಲಿರುವ ‘ರೋಬಾಟ್’ ಎಂಬ ಪದವನ್ನೇ ತೆಗೆದುಕೊಳ್ಳಿ. ಝೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ‘ಆರ್‌ಯುಆರ್’ ನಾಟಕದಲ್ಲಿ ಅದು ಮೊದಲು ಬಂತು. ಪದ ಸೂಚಿಸಿದವನು ಅವನ ಅಣ್ಣ ಜೋಸೆಫ್. ಅದರ ಮೂಲ ಆ ಭಾಷೆಯ ‘ರೊಬೊಟಾ’, ಅಂದರೆ ಜಮೀನ್ದಾರನ ಹೊಲದಲ್ಲಿ ರೈತ ಕೂಲಿಯಿಲ್ಲದೆ ಮಾಡಲೇಬೇಕಾಗಿದ್ದ ಬಿಟ್ಟಿ ಚಾಕರಿ. ನಿಜಾಮರ ಜಾಗೀರುಗಳಲ್ಲಿ ಬಿಟ್ಟಿ ಬೇಗಾರಿ ಮಾಡಿದವರ ಮೊಮ್ಮಕ್ಕಳು ಕೂತಿರುವ ತರಗತಿಯಲ್ಲಿ ಈ ಪದದ ಅರ್ಥವನ್ನು ಹೇಳಿ ನೋಡಿ. ಚಾಪೆಕ್‌ನ ರೋಬಾಟ್‌ಗಳು ಕಬ್ಬಿಣದವಲ್ಲ, ರಾಸಾಯನಿಕ ಪಾಕದಿಂದ ಮಾಡಿದ, ನೋಡಲು ಮನುಷ್ಯರಂತೆಯೇ ಇರುವ ಆಳುಗಳು. ಕೊನೆಗೆ ಅವು ಒಡೆಯರ ವಿರುದ್ಧ ಎದ್ದು ನಿಲ್ಲುತ್ತವೆ.

ಇಂಗ್ಲೆಂಡಿನ ಎಚ್.ಜಿ. ವೆಲ್ಸ್‌ನ ‘ದಿ ಟೈಮ್ ಮಷೀನ್’ (1895) ಕಾದಂಬರಿಯನ್ನು ಶಹಾಬಾದ್, ಸೇಡಂ, ಚಿತ್ತಾಪುರದ ಗ್ರಂಥಾಲಯಗಳಲ್ಲಂತೂ ಕಡ್ಡಾಯವಾಗಿ ಇಡಬೇಕೆಂದು ನನ್ನ ವಾದ. ಕಾಲಯಂತ್ರವೇರಿದವನು 8,02,701ನೆಯ ಇಸವಿಗೆ ಹೋಗಿ ಇಳಿದರೆ, ನೆಲದ ಮೇಲೆ ಎಲಾಯ್ ಎಂಬ ಚೆಲುವಾದ, ಸುಖದಲ್ಲಿ ಜಡ್ಡುಗಟ್ಟಿದ ಕುಲ. ನೆಲದ ಕೆಳಗೆ ಕತ್ತಲಲ್ಲಿ ಯಂತ್ರ ನಡೆಸುವ ಮಾರ್ಲಾಕ್ ಎಂಬ ಇನ್ನೊಂದು ಕುಲ. ಬಿಡುವಿನವರು ಮೇಲೂ ದುಡಿಯುವವರು ಕೆಳಗೂ ಎಷ್ಟೋ ಲಕ್ಷ ವರ್ಷ ಹಾಗೇ ಉಳಿದು ಎರಡು ಬೇರೆ ಜೀವಿಗಳೇ ಆಗಿಬಿಟ್ಟರೆಂದು ಅವನು ಊಹಿಸುತ್ತಾನೆ. ವೆಲ್ಸ್ ಡಾರ್ವಿನ್ನನ ಗೆಳೆಯ ಥಾಮಸ್ ಹಕ್ಸ್‌ಲಿಯಿಂದ ಜೀವಶಾಸ್ತ್ರ ಕಲಿತವನು. ವಿಕಾಸವಾದವನ್ನು ಕೂಲಿಯ ಪ್ರಶ್ನೆಗೆ ಹಚ್ಚಿದ್ದು ಅವನ ಚಮತ್ಕಾರ. ಪರಸಿ ಕಲ್ಲಿನ ಗಣಿಯಿಂದ ಸಂಜೆ ಬಿಳಿ ಧೂಳು ಮೆತ್ತಿಕೊಂಡು ಮೇಲೆ ಹತ್ತಿ ಬರುವ ಅಪ್ಪನನ್ನು ನೋಡಿ ಬೆಳೆದ ಹುಡುಗ ಈ ಪುಟಗಳನ್ನು ಲಂಡನ್ನಿನ ವಿದ್ಯಾರ್ಥಿಗಿಂತ ಬೇರೆಯಾಗಿ ಓದುತ್ತಾನೆ, ಬಹುಶಃ ಹೆಚ್ಚು ಸರಿಯಾಗಿ ಓದುತ್ತಾನೆ. ಆ ಭವಿಷ್ಯದಿಂದ ಮರಳಿ ಬಂದವನ ಜೇಬಿನಲ್ಲಿ ಸಾಕ್ಷಿಯಾಗಿ ಉಳಿದಿದ್ದದ್ದು ಬಾಡಿದ ಎರಡು ಬಿಳಿ ಹೂಗಳು ಮಾತ್ರ. ಈ ಒಂದು ವಿವರವನ್ನು ನಾನು ನಲವತ್ತು ವರ್ಷಗಳಿಂದ ಮರೆತಿಲ್ಲ.

ಹುಡುಗಿಯರಿಗೆ ನಾನು ಓದಿ ಹೇಳುತ್ತಿದ್ದದ್ದು ಬೇಗಂ ರೊಕೆಯಾ ಅವರ ‘ಸುಲ್ತಾನಾಸ್ ಡ್ರೀಮ್’. ಬಂಗಾಳದ ಪರದೆಯೊಳಗೆ ಬೆಳೆದ ಆಕೆ 1905ರಲ್ಲಿ ಇಂಗ್ಲಿಷಿನಲ್ಲಿ ಬರೆದು ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜಿನ್’ನಲ್ಲಿ ಪ್ರಕಟಿಸಿದ ಕೆಲವೇ ಪುಟಗಳ ಕಥೆ ಅದು. ಅಲ್ಲಿನ ಹೆಣ್ಣುನಾಡಿನಲ್ಲಿ ಗಂಡಸರು ಮರ್ದಾನಾ ಎಂಬ ಗಂಡಸರ ಅಂತಃಪುರದೊಳಗೆ ಇರುತ್ತಾರೆ. ಹೊರಗಿನ ರಾಜ್ಯಭಾರ, ವಿಶ್ವವಿದ್ಯಾಲಯ, ಪ್ರಯೋಗಶಾಲೆ ಎಲ್ಲವೂ ಹೆಂಗಸರ ಕೈಯಲ್ಲಿ. ಅವರು ಮೋಡದಿಂದ ನೇರವಾಗಿ ನೀರು ಇಳಿಸಿಕೊಳ್ಳುತ್ತಾರೆ, ಬಿಸಿಲಿನ ಶಾಖವನ್ನು ಹಿಡಿದಿಟ್ಟು ಹೊಗೆಯಿಲ್ಲದ ಅಡುಗೆ ಮಾಡಿಸುತ್ತಾರೆ, ದಂಡೆತ್ತಿ ಬಂದ ಶತ್ರುವನ್ನು ಅದೇ ಬಿಸಿಲಿನಿಂದ ಓಡಿಸುತ್ತಾರೆ. ನಮ್ಮದು ಬಿಸಿಲುನಾಡೆಂದೇ ಹೆಸರಾದ ಸೀಮೆ. 2017ರಲ್ಲಿ ಸರ್ಕಾರ ‘ವರ್ಷಧಾರೆ’ ಎಂದು ಮೋಡ ಬಿತ್ತನೆಗೆ ವಿಮಾನ ಹಾರಿಸಿದಾಗ ಆಕಾಶ ನೋಡುತ್ತ ಕುಳಿತವರು ನಾವು. ಜನಾನಾ ಎಂಬ ಪದ ಗೊತ್ತಿದ್ದ ನಮ್ಮ ದಖನಿ ಮಾತಿನ ಹುಡುಗಿಯರಿಗೆ ಮರ್ದಾನಾ ಎಂದೊಡನೆ ತಮಾಷೆ ಅರ್ಥವಾಯಿತು. ‘ಹಂಗಾರ ಅಡಗಿಮನಿ ಯಾರ್ದ್ರಿ ಸರ?’ ಎಂಬ ಪ್ರಶ್ನೆಗೆ, ಗಂಡಸರದು ಎಂದು ಕಥೆಯಲ್ಲಿದ್ದದ್ದನ್ನೇ ಹೇಳಿದಾಗ ತರಗತಿ ನಗೆಯಲ್ಲಿ ಮುಳುಗಿತು. ಪಕ್ಕದ ಕೋಣೆಯ ಮೇಷ್ಟ್ರು ಬಂದು ಇಣುಕಿ ಹೋದರು.

ಇಂಥವು ಇನ್ನೂ ಇವೆ. ಜಗದೀಶಚಂದ್ರ ಬೋಸರು 1896ರಲ್ಲಿ ಬರೆದ ಬಂಗಾಳಿ ಕಥೆಯಲ್ಲಿ ತಲೆಗೆ ಹಚ್ಚುವ ಎಣ್ಣೆಯೊಂದು ಸಮುದ್ರದ ಚಂಡಮಾರುತವನ್ನು ಅಡಗಿಸುತ್ತದೆ. ಅದಕ್ಕೆ ಬಹುಮಾನ ಕೊಟ್ಟದ್ದೂ ತಲೆಗೆ ಹಚ್ಚುವ ಎಣ್ಣೆಯ ಕಂಪನಿಯೇ. ‘ಫ್ರಾಂಕೆನ್‌ಸ್ಟೈನ್’ (1818) ಬರೆಯಲು ಕೂತಾಗ ಮೇರಿ ಶೆಲ್ಲಿಗೆ ನಮ್ಮ ಪಿಯುಸಿ ಮುಗಿಸಿದ ಹುಡುಗಿಯರ ವಯಸ್ಸು. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರು ವಿಜ್ಞಾನ ಕಥೆಯನ್ನೇ ಜೀವನದ ಕೆಲಸವೆಂದು ಹಿಡಿದು ಬರೆದರು. ಅವರ ‘ಮನ್ವಂತರ’ ಹುಡುಕಿ ನಮ್ಮ ಜಿಲ್ಲೆಯ ಎಷ್ಟೋ ಕಪಾಟುಗಳ ಮುಂದೆ ನಿಂತು ಬರಿಗೈಯಲ್ಲಿ ಬಂದಿದ್ದೇನೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ವಿಜ್ಞಾನ ಕಥೆಯೇ ಅಲ್ಲವೇ ಎಂದು ಪಂಡಿತರು ಜಗಳವಾಡಲಿ, ನನ್ನ ಕಪಾಟಿನಲ್ಲಿ ಅದಕ್ಕೆ ಜಾಗ ಖಾತ್ರಿ. ಊರವರು ಉಡಾಳನೆಂದು ಬಗೆದ ಮಂದಣ್ಣನ ಕಣ್ಣಿಗೆ ಬಿದ್ದ ಹಾರುವ ಓತಿಯ ಹಿಂದೆ ವಿಜ್ಞಾನಿಯೊಬ್ಬ ಕಾಡು ಹೊಕ್ಕು ಅಲೆಯುವ ಆ ಕಥೆಯನ್ನು, ಗಣಿತದಲ್ಲಿ ಎರಡು ಸಲ ನಪಾಸಾಗಿ ಕುರಿ ಕಾಯಲು ಹೋಗಿದ್ದ ನನ್ನ ಶಿಷ್ಯನೊಬ್ಬ ಮೂರು ಸಲ ಓದಿದ.

ಚೋಮನಿಗೆ ಮರಳುತ್ತೇನೆ. 1933ರಲ್ಲಿ ಕಾರಂತರ ಚೋಮ ತುಂಡು ನೆಲಕ್ಕಾಗಿ ಹಂಬಲಿಸಿ ಸತ್ತ. 1936ರಲ್ಲಿ ಪ್ರೇಮಚಂದರ ‘ಗೋದಾನ್’ ಕಾದಂಬರಿಯ ಹೋರಿ ಎಂಬ ರೈತ ಒಂದು ಹಸುವಿಗಾಗಿ ಹಂಬಲಿಸಿ ಸತ್ತ. ಒಬ್ಬ ಪಶ್ಚಿಮ ಕರಾವಳಿಯವನು, ಇನ್ನೊಬ್ಬ ಅವಧದವನು. ಒಬ್ಬನ ಬಳಿ ಎತ್ತಿದ್ದರೂ ಹೊಲವಿಲ್ಲ, ಇನ್ನೊಬ್ಬನ ಬಳಿ ಹೊಲವಿದ್ದರೂ ಹಸುವಿಲ್ಲ. ಈ ಎರಡನ್ನು ಅಕ್ಕಪಕ್ಕ ಇಡುವುದು ಒಬ್ಬ ಒಳ್ಳೆಯ ಗ್ರಂಥಪಾಲಕನಿಂದ ಆಗುವ ಕೆಲಸ, ಅದಕ್ಕೆ ಆದೇಶ ಬೇಕಿಲ್ಲ. ಅವುಗಳ ಪಕ್ಕದಲ್ಲಿ ಉತ್ತರ ಕರ್ನಾಟಕದ ಹಳ್ಳಿಯೊಂದು ಒಳಗಿಂದಲೇ ಕುಸಿಯುವುದನ್ನು ಬರೆದ ರಾವಬಹಾದ್ದೂರರ ‘ಗ್ರಾಮಾಯಣ’ (1957) ಇರಲಿ, 1899ರಷ್ಟು ಹಿಂದೆಯೇ ವಿಧವೆಯ ಮರುಮದುವೆಯನ್ನು ಕಥೆಯಾಗಿಸಿದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಇರಲಿ. ಕಲಬುರಗಿ ಸೀಮೆಯ ಮಾತನ್ನೇ ಕಾದಂಬರಿಯ ಮಾತಾಗಿಸಿ, 2004ರಲ್ಲಿ ‘ಬದುಕು’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಗೀತಾ ನಾಗಭೂಷಣ ಅವರ ಪುಸ್ತಕಗಳಂತೂ ನಮ್ಮ ಮೂರು ಜಿಲ್ಲೆಗಳ ಪ್ರತಿ ಅರಿವು ಕೇಂದ್ರದಲ್ಲಿ ಒಂದಕ್ಕಿಂತ ಹೆಚ್ಚು ಪ್ರತಿ ಇರಬೇಕು. ಮಳಖೇಡದ ಕವಿರಾಜಮಾರ್ಗವನ್ನೂ ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಗ್ರಂಥಭಂಡಾರವನ್ನೂ ನೆನೆಯದೆ ನಮ್ಮಲ್ಲಿ ಯಾವ ಉದ್ಘಾಟನೆಯ ಭಾಷಣವೂ ಆರಂಭವಾಗುವುದಿಲ್ಲ. ಭಾಷಣ ಮುಗಿದ ಮೇಲೆ ವೇದಿಕೆಯ ಹಿಂದಿನ ಕಪಾಟಿನ ಬೀಗ ತೆಗೆಯಲು ಕೀಲಿ ಯಾರ ಬಳಿ ಇದೆ ಎಂದು ಹುಡುಕಾಟ ನಡೆಯುತ್ತದೆ.

ಅಮೆರಿಕದ ರೇ ಬ್ರಾಡ್‌ಬರಿ 1953ರಲ್ಲಿ ಪ್ರಕಟಿಸಿದ ‘ಫ್ಯಾರೆನ್‌ಹೀಟ್ 451’ ಕಾದಂಬರಿಯಲ್ಲಿ ಅಗ್ನಿಶಾಮಕ ದಳದವರ ಕೆಲಸ ಬೆಂಕಿ ಆರಿಸುವುದಲ್ಲ, ಮನೆಮನೆಯ ಪುಸ್ತಕ ಸುಡುವುದು. ಅದನ್ನು ಅವನು ಬರೆದದ್ದು ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಅರ್ಧ ಗಂಟೆಗೆ ಹತ್ತು ಸೆಂಟ್ ಬಾಡಿಗೆಯ ಟೈಪ್‌ರೈಟರ್‌ನಲ್ಲಿ, ನಾಣ್ಯ ಹಾಕಿ ಹಾಕಿ. ಅಲ್ಲಿನ ದಳದ ಮುಖ್ಯಸ್ಥ ಒಂದು ಮಾತು ಬಿಚ್ಚಿ ಹೇಳುತ್ತಾನೆ: ಸುಡುವ ಆದೇಶ ಮೊದಲು ಸರ್ಕಾರದಿಂದ ಬರಲಿಲ್ಲ, ಜನ ತಾವಾಗಿಯೇ ಓದುವುದನ್ನು ಬಿಟ್ಟರು. ನಮ್ಮಲ್ಲಿ ಬೆಂಕಿಯೂ ಇಲ್ಲ, ಆದೇಶವೂ ಇಲ್ಲ, ಗೋಣಿಚೀಲವಿದೆ. ‘ಯಾರ್ ಓದ್ತಾರ್ರಿ’ ಎಂಬ ಮಾತೂ ಪೂರ್ತಿ ನಿಜವಲ್ಲ ಎನ್ನಲು ಆ ಪೆನ್ಸಿಲ್ ಗೆರೆ ನನ್ನ ಬಳಿ ಇದೆ.

ನನ್ನ ಕೋರಿಕೆಗಳು ದೊಡ್ಡವಲ್ಲ. ಕಾದಂಬರಿ ಅಥವಾ ಕಥಾಸಂಕಲನವೊಂದನ್ನು ರದ್ದುಪಟ್ಟಿಗೆ ಸೇರಿಸುವ ಮೊದಲು ಆ ಪಟ್ಟಿಯನ್ನು ಹದಿನೈದು ದಿನ ಗ್ರಂಥಾಲಯದ ಬಾಗಿಲಿಗೆ ಅಂಟಿಸಲಿ. ಊರಿನ ಶಿಕ್ಷಕರೋ ಓದುಗರೋ ಆಕ್ಷೇಪಿಸಿದರೆ ಅದು ಉಳಿಯಲಿ, ಹರಿದಿದ್ದರೆ ಬೈಂಡ್ ಆಗಲಿ. ಆಸ್ತಿ ತೆರಿಗೆಯ ಮೇಲೆ ನಾವು ಶೇ 6ರಷ್ಟು ಗ್ರಂಥಾಲಯ ಕರ ಕೊಡುತ್ತೇವೆ. ಅದರಿಂದ ಬರುವ ಪುಸ್ತಕ ಖರೀದಿಯ ಹಣದಲ್ಲಿ ಸಣ್ಣ ಪಾಲನ್ನಾದರೂ ಏಕಗವಾಕ್ಷಿಯ ಹೊರಗೆ, ಮರುಮುದ್ರಣಗಳಿಗೆಂದೇ ತೆಗೆದಿಡಲಿ. ಹೊರಭಾಷೆಯ ಕೃತಿಗಳ ವಿಷಯದಲ್ಲಿ ಹಕ್ಕಿನ ತೊಡಕು ನೀವು ಭಾವಿಸುವಷ್ಟಿಲ್ಲ. ನಮ್ಮ ದೇಶದ ಕಾನೂನಿನಲ್ಲಿ ಲೇಖಕ ತೀರಿದ ಮೇಲೆ 60 ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ವರ್ನ್ 1905ರಲ್ಲಿ, ರೊಕೆಯಾ 1932ರಲ್ಲಿ, ಚಾಪೆಕ್ 1938ರಲ್ಲಿ, ವೆಲ್ಸ್ 1946ರಲ್ಲಿ ತೀರಿದವರು. ಇವರನ್ನು ಕನ್ನಡಕ್ಕೆ ತರಲು ಯಾರ ಅಪ್ಪಣೆಯೂ ಬೇಡ, ಗೌರವಧನ ಅನುವಾದಕರಿಗೆ ಮಾತ್ರ. ಈ ಭಾಗದ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳ ಜೊತೆ ಕೂತು ಮಾತಾಡಿದರೆ ವರ್ಷಕ್ಕೆ ನಾಲ್ಕು ಪುಸ್ತಕ ಕಷ್ಟವೇ? ಮಾಡಿಸುವಾಗ ಒಂದು ಎಚ್ಚರ ಇರಲಿ. ಮಾರ್ಲಾಕ್‌ಗಳ ಮೇಲೂ ನೀಮೊನ ಮೇಲೂ ಬೆಂಗಳೂರಿನ ಪಠ್ಯಪುಸ್ತಕದ ಭಾಷೆ ಹೇರುವ ಬದಲು, ಯಾದಗಿರಿಯ ಹುಡುಗ ಬಾಯಿಬಿಟ್ಟು ಓದಿದರೆ ಅವನ ಕಿವಿಗೆ ತನ್ನದೆನಿಸುವ ಕನ್ನಡ ಬಂದರೆ ಆ ಪುಸ್ತಕದ ತಾರೀಕಿನ ಚೀಟಿ ಬೇಗ ತುಂಬುತ್ತದೆ.

ಒಂದು ಕಾಲದಲ್ಲಿ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ನಿಮಗೆ ಅಷ್ಟು ದೂರ ನಡೆಯುವ ಕಷ್ಟವಿಲ್ಲ. ಹದಿನೇಳೂ ಪುಸ್ತಕಗಳು ನಮ್ಮ ಮನೆಯ ಪಡಸಾಲೆಯ ಗೂಡಿನಲ್ಲಿವೆ. ಆರನ್ನು ನಾನೇ ಅಂಟು ಹಾಕಿ, ದಾರ ಹೊಲಿದು, ಸಿಮೆಂಟ್ ಚೀಲದ ಕಾಗದದ ಹೊದಿಕೆ ಹಾಕಿದ್ದೇನೆ. ಉಳಿದವುಗಳಿಗೆ ಈ ಮಳೆಗಾಲದಲ್ಲಿ ಹಾಕುತ್ತೇನೆ. ಗ್ರಂಥಾಲಯದ ಮುದ್ರೆಯನ್ನು ಯಾವುದರಿಂದಲೂ ಅಳಿಸಿಲ್ಲ, ಪೆನ್ಸಿಲ್ ಬರಹವನ್ನೂ ಅಳಿಸಿಲ್ಲ. ಕಪಾಟಿನಲ್ಲಿ ಜಾಗವಾದ ದಿನ ಯಾರನ್ನಾದರೂ ಕಳುಹಿಸಿ. ನನ್ನ 63 ರೂಪಾಯಿ ಕೇಳುವುದಿಲ್ಲ, ಹದಿನೇಳು ಪುಸ್ತಕ ಮುಟ್ಟಿದ್ದಕ್ಕೆ ಒಂದು ರಸೀದಿ ಕೊಟ್ಟರೆ ಸಾಕು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ,
ಸುರಪುರ, ಯಾದಗಿರಿ ಜಿಲ್ಲೆ